ಗಾಜಿನ ಮಣಿಗಳ ಎರಕ: ಆಫ್ರಿಕದ ಕೆಲವು ನಿದರ್ಶನಗಳು

ಮಧ್ಯಯುಗದ ಹಿಂದೂ ಮಹಾಸಾಗರದ ವಾಣಿಜ್ಯವನ್ನು ಕುರಿತು ಬರೆಯುವಾಗ ನಾವು ಸಾಮಾನ್ಯವಾಗಿ ಹಡಗನ್ನು ರೇವಿಗೆ ಮುಟ್ಟಿಸಿ ಲೇಖನಿಯನ್ನು ಕೆಳಗಿಡುತ್ತೇವೆ. ಇಳಿದ ಸರಕಿನ ಗತಿಯೇನಾಯಿತೆಂಬುದನ್ನು ವಿಚಾರಿಸುವವರು ವಿರಳ. ಏಷ್ಯದಿಂದ ಆಫ್ರಿಕಕ್ಕೆ ಹೋದ ಗಾಜಿನ ಮಣಿಗಳ ವಿಷಯದಲ್ಲಿ ಈ ಔದಾಸೀನ್ಯವು ಒಂದು ತಪ್ಪು ನಿರ್ಣಯಕ್ಕೂ ಎಡೆಗೊಟ್ಟಿದೆ. ಮಣಿಗಳನ್ನು ಕೊಂಡವರು ಕೇವಲ ಕೊಳ್ಳಬಲ್ಲವರು, ಗಾಜಿನ ಕಸುಬನ್ನು ಅರಿಯದವರು ಎಂಬುದೇ ಆ ನಿರ್ಣಯ.

ಲಿಂಪೊಪೊ ನದಿಯ ದಕ್ಷಿಣಕ್ಕೆ, ಮಾಪುಂಗುಬ್ವೆ ಬೆಟ್ಟದಿಂದ ಸುಮಾರು ಒಂದು ಕಿಲೋಮೀಟರ್ ದೂರದಲ್ಲಿ, ಶೋಧಕರು ‘ಕೆ-೨’ ಎಂದು ಕರೆದ ನೆಲೆಯೊಂದುಂಟು. ಅಲ್ಲಿನ ಜನವಸತಿಯ ಕಾಲ ಸ್ಥೂಲವಾಗಿ ಕ್ರಿ.ಶ. ೧೦೦೦ದಿಂದ ೧೨೨೦. ಪ್ರಿಟೋರಿಯಾ ವಿಶ್ವವಿದ್ಯಾನಿಲಯವು ೧೯೩೩ರಲ್ಲಿ ಈ ಪ್ರದೇಶದ ಶೋಧವನ್ನು ಕೈಗೊಂಡಿತು. ೧೯೩೫ರಿಂದ ೧೯೪೦ರವರೆಗೆ ಗಾರ್ಡ್‌ನರ್ ಅವರು ಕೆ-೨ರಲ್ಲಿ ಉತ್ಖನನ ನಡೆಸಿದರು. ದೊರೆತ ಮಣಿಗಳಲ್ಲಿ ಬಹುಪಾಲು ಸಣ್ಣವು. ಕಾದ ಗಾಜನ್ನು ನಳಿಗೆಯಾಗಿ ಎಳೆದು ತುಂಡರಿಸಿದವು. ಸಾಗರವನ್ನು ದಾಟಿ ಬಂದವು. ಆದರೆ ಇವುಗಳೊಡನೆ ಪೀಪಾಯಿಯ ಆಕಾರದ, ನೀಲಿಹಸಿರು ಬಣ್ಣದ ದಪ್ಪ ಮಣಿಗಳೂ, ಒಡೆದ ಮಣ್ಣಿನ ಅಚ್ಚುಗಳೂ ಕಂಡುಬಂದವು. ಹುಲ್ಲುಹಾಸಿನ ಮೇಲೆ ಉರುಳಿಸುವ ಗುಂಡನ್ನು ಹೋಲುವುದರಿಂದ ಈ ಮಣಿಗಳಿಗೆ ‘ಗಾರ್ಡನ್ ರೋಲರ್’ ಎಂಬ ಹೆಸರು ಬಿದ್ದಿತು. ಅವುಗಳ ಯೋಗ್ಯತೆಗೆ ತಕ್ಕ ಹೆಸರಲ್ಲವೆಂದೇ ನಮ್ಮ ಭಾವನೆ.

ರಾಸಾಯನಿಕ ಪರೀಕ್ಷೆಯಿಂದ ಈ ದಪ್ಪ ಮಣಿಗಳ ಗಾಜೂ ಆಮದಾದ ಸಣ್ಣ ಮಣಿಗಳ ಗಾಜೂ ಒಂದೇ ಎಂದು ತಿಳಿದುಬಂದಿದೆ. ಎರಡೂ ಅಲ್ಯುಮಿನ ಹೆಚ್ಚಾಗಿರುವ ಸೋಡಾಗಾಜು; ದಕ್ಷಿಣ ಏಷ್ಯದ ಗಾಜಿನ ಲಕ್ಷಣ ಇದೇ. ಅಂದಮೇಲೆ ಕೆ-೨ರ ಕುಶಲಿಗಳು ಅನೇಕ ಸಣ್ಣ ಮಣಿಗಳನ್ನು ಕರಗಿಸಿ ಒಂದು ದೊಡ್ಡ ಮಣಿಯನ್ನು ಪಡೆಯುತ್ತಿದ್ದರೆಂದು ಹೇಳಬೇಕಾಗುತ್ತದೆ. ಅಚ್ಚನ್ನು ಒಡೆಯದೆ ಮಣಿಯು ಹೊರಬರುತ್ತಿರಲಿಲ್ಲ. ಒಂದೊಂದು ಮಣಿಗೂ ಒಂದೊಂದು ಅಚ್ಚು ವ್ಯಯವಾಗುತ್ತಿತ್ತು. ದೂರದಿಂದ ಬಂದ, ಬೆಲೆಯುಳ್ಳ ಸರಕನ್ನು ಇಷ್ಟು ಧಾರಾಳವಾಗಿ ಬೆಂಕಿಗೆ ಒಡ್ಡಿದವರಿಗೆ ತಮಗೆ ಬೇಕಾದ ರೂಪ ಯಾವುದೆಂಬುದು ಸ್ಪಷ್ಟವಾಗಿಯೇ ಗೊತ್ತಿದ್ದಿರಬೇಕು.

ಗಾರ್ಡ್‌ನರ್ ಅವರು ಮಾತ್ರ, ಗ್ಯಾಲೊವೇ ಅವರ ಅಸ್ಥಿಪರೀಕ್ಷೆಯನ್ನು ನಂಬಿ, ಕೆ-೨ರ ನಿವಾಸಿಗಳು ಕರಿಯ ಆಫ್ರಿಕನರಲ್ಲವೆಂದೂ ಖೋಯ್‌ಖೋಯ್ ಕುಲದವರೆಂದೂ ವಾದಿಸಿದರು. ಅನಂತರದ ಪರೀಕ್ಷೆಗಳು ಈ ವಾದವನ್ನು ತಳ್ಳಿಹಾಕಿವೆ. ವರ್ಣಭೇದದ ಆಡಳಿತವು ನೆಲೆಗೊಂಡಿದ್ದ ದೇಶದಲ್ಲಿ ಇಂತಹ ವಾದವು ಕೇವಲ ಪಂಡಿತರ ಚರ್ಚೆಯಾಗಿ ಉಳಿಯುವಂತಿರಲಿಲ್ಲ. ಪಶ್ಚಿಮ ಆಫ್ರಿಕದಲ್ಲಿಯೂ ಹೀಗೆಯೇ ನಡೆಯಿತು. ಇಫೆ ನಗರದ ಓಲೊಕುನ್ ತೋಪಿಗೆ ೧೯೧೦ರಲ್ಲಿ ಬಂದ ಫ್ರೊಬೇನಿಯಸ್ ಅವರು ಆ ನಗರದ ಕಲೆಯ ಮೂಲವನ್ನು ಕಾಲ್ಪನಿಕವಾದ ಅಟ್ಲಾಂಟಿಸ್‌ನಲ್ಲಿ ಅರಸಿದರು! ಅದೇ ತೋಪಿನಲ್ಲಿ ೨೦೧೧-೧೨ರ ಉತ್ಖನನದಿಂದ ಹನ್ನೆರಡು ಸಾವಿರಕ್ಕೂ ಮಿಕ್ಕ ಮಣಿಗಳು ದೊರೆತವು. ಅಲ್ಲಿ ಸ್ಥಳೀಯ ಸಾಮಗ್ರಿಯಿಂದಲೇ ಗಾಜನ್ನು ತಯಾರಿಸುತ್ತಿದ್ದರೆಂಬುದೂ ಸಿದ್ಧವಾಯಿತು.

ಮನೆಯಂಗಳದ ಆವಿಗೆಯಲ್ಲಿ ಗಾಜು ಎರಕಗೊಳ್ಳುವುದು ಸಾಧ್ಯವೇ ಎಂದು ವಿದ್ಯಾರ್ಥಿಗಳು ನಮ್ಮನ್ನು ಕೇಳುವುದುಂಟು. ಮರಳಿನಿಂದ ಹೊಸದಾಗಿ ಗಾಜನ್ನು ಮಾಡಲು ಸಾವಿರ ಡಿಗ್ರಿಗೂ ಮೀರಿದ ಶಾಖ ಬೇಕು. ಸಿದ್ಧವಾದ ಗಾಜಿನ ಪುಡಿ ಒಂದಕ್ಕೊಂದು ಬೆಸೆದುಕೊಳ್ಳಲು ಅಷ್ಟು ಬೇಡ. ಘಾನಾ ದೇಶದ ಕ್ರೋಬೊ ಜನರ ಕಸುಬು ಇದಕ್ಕೆ ಪ್ರತ್ಯಕ್ಷ ಪ್ರಮಾಣ. ಅವರು ಹಳೆಯ ಸೀಸೆಗಳನ್ನು ಕುಟ್ಟಿ, ಜರಡಿ ಹಿಡಿದು, ಆ ಪುಡಿಯನ್ನು ಮಣ್ಣಿನ ಅಚ್ಚಿನ ಕುಳಿಗಳಲ್ಲಿ ತುಂಬುತ್ತಾರೆ. ಗಾಜು ಅಂಟದಂತೆ ಕುಳಿಗೆ ಮೊದಲೇ ಬಿಳಿಜೇಡಿಯನ್ನು ಬಳಿದಿರುತ್ತಾರೆ. ನಡುವೆ ಮರಗೆಣಸಿನ ಎಲೆಯ ತೊಟ್ಟನ್ನು ನಿಲ್ಲಿಸುತ್ತಾರೆ; ಆವಿಗೆಯಲ್ಲಿ ತೊಟ್ಟು ಉರಿದುಹೋಗಿ ದಾರ ಪೋಣಿಸುವ ರಂಧ್ರ ಉಳಿಯುತ್ತದೆ. ಆವಿಗೆಯನ್ನು ಕಟ್ಟುವುದು ಹುತ್ತದ ಮಣ್ಣಿನಿಂದ. ತಣಿದ ಮಣಿಗಳನ್ನು ಮರಳು ನೀರುಗಳೊಡನೆ ಕಲ್ಲಿನ ಮೇಲೆ ಉಜ್ಜಿ ನಯಗೊಳಿಸುತ್ತಾರೆ. ಪ್ರಾಯಕ್ಕೆ ಬಂದ ಕನ್ಯೆಯರ ‘ಡಿಪೊ’ ಸಂಸ್ಕಾರದಲ್ಲಿ ಈ ಮಣಿಗಳೇ ಮುಖ್ಯವಾದ ಆಭರಣ.

ಕ್ರೋಬೊ ಪದ್ಧತಿಯು ಕೆ-೨ರಿಂದ ಬಂದುದೆಂದು ನಾವು ಹೇಳುತ್ತಿಲ್ಲ. ಎರಡರ ನಡುವೆ ಅರ್ಧ ಖಂಡದ ಅಂತರವಿದೆ, ಅಚ್ಚುಗಳೂ ಭಿನ್ನ. ಕ್ರೋಬೊ ಅಚ್ಚು ಮತ್ತೆ ಮತ್ತೆ ಉಪಯೋಗಕ್ಕೆ ಬರುತ್ತದೆ. ಕೆ-೨ರದು ಒಮ್ಮೆಗೇ ಮುಗಿಯುತ್ತಿತ್ತು. ೧೨೨೦ರ ಸುಮಾರಿನಲ್ಲಿ ರಾಜಧಾನಿಯು ಮಾಪುಂಗುಬ್ವೆಗೆ ಸ್ಥಳಾಂತರಗೊಂಡ ಮೇಲೆ ಬೇರೊಂದು ಜಾತಿಯ ಆಮದು ಮಣಿಗಳು ಆ ಪ್ರದೇಶದಲ್ಲಿ ಮೇಲುಗೈ ಪಡೆದವು.