ಕಿಸೆಯ ಚಾಕುವೂ ಸ್ನೇಹದ ಕಾಣಿಕೆಯೂ

ಹರಿತವಾದ ವಸ್ತುವನ್ನು ಮಿತ್ರನಿಗೆ ಕಾಣಿಕೆಯಾಗಿ ಕೊಟ್ಟರೆ ಸ್ನೇಹವೇ ಕತ್ತರಿಸಿಹೋಗುವುದೆಂಬ ಶಂಕೆಯು ಯೂರೋಪಿನ ಹಲವು ದೇಶಗಳಲ್ಲಿ ಬಹುಕಾಲದಿಂದ ಬಂದುದು. ಕನ್ನಡನಾಡಿನ ಅನೇಕ ಮನೆಗಳಲ್ಲಿಯೂ ಕತ್ತಿಯನ್ನು ಕೈಯಿಂದ ಕೈಗೆ ಕೊಡದೆ, ಕೆಳಗಿಟ್ಟು ತೆಗೆದುಕೊಳ್ಳುವ ರೂಢಿಯುಂಟು. ಈ ದೋಷಕ್ಕೆ ಇಂಗ್ಲೆಂಡಿನ ಜನರು ಕಂಡುಕೊಂಡ ಪರಿಹಾರವು ಸುಲಭವಾದುದು. ಚಾಕುವನ್ನು ಪಡೆದವನು ಕೊಟ್ಟವನಿಗೆ ಒಂದು ಪೆನ್ನಿಯನ್ನು ಸಲ್ಲಿಸಿದರೆ ಅದು ದಾನವಾಗದೆ ಕ್ರಯವಾಗುವುದು. ಕ್ರಯದಿಂದ ಸ್ನೇಹಕ್ಕೆ ಭಂಗವಿಲ್ಲ. ಅಮೆರಿಕದಲ್ಲಿಯೂ ಈ ಆಚಾರವು ಬೇರೂರಿತು. ಹಳೆಯ ಮಾದರಿಯ ಕಿಸೆಚಾಕುಗಳನ್ನು ಸಂಗ್ರಹಿಸುವವರು ಇಂದಿಗೂ ಅದನ್ನು ಕೈಬಿಟ್ಟಿಲ್ಲ. ಅವರೊಳಗಣ ಮೈತ್ರಿಯ ಮರ್ಮವು ಈ ಒಂದು ಕಾಸಿನಲ್ಲಿಯೇ ಅಡಗಿದೆಯೆಂದರೆ ಅತಿಶಯೋಕ್ತಿಯಾಗದು.

ಕಿಸೆಚಾಕುವೆಂದರೆ ಅಲಗನ್ನು ಹಿಡಿಯೊಳಕ್ಕೆ ಮಡಿಸಿಡಬಹುದಾದ ಸಣ್ಣ ಉಪಕರಣ. ಹಳೆಯ ಮಾದರಿಯದರಲ್ಲಿ ತೆರೆದ ಅಲಗನ್ನು ಬಿಗಿಯುವ ಕೊಂಡಿಯಿಲ್ಲ. ಹಿಡಿಯ ಬೆನ್ನಿನಲ್ಲಿರುವ ಉಕ್ಕಿನ ಸ್ಪ್ರಿಂಗಿನ ಒತ್ತಡವೊಂದೇ ಅದನ್ನು ನಿಲ್ಲಿಸುವುದು. ಹಿಡಿಗೆ ಎಲುಬು, ಕೊಂಬು ಅಥವಾ ಮರದ ಹೊದಿಕೆ. ಹಕ್ಕಿಯ ಗರಿಯ ಲೇಖನಿಯನ್ನು ಹೆರೆಯಲು ಬಳಸುತ್ತಿದ್ದುದರಿಂದ ಇವುಗಳಲ್ಲಿ ಚಿಕ್ಕದನ್ನು ಆಂಗ್ಲರು ಲೇಖನಿಯ ಚಾಕುವೆಂದೇ ಕರೆದರು. ಈ ಕಸಬಿಗೆ ಹೆಸರಾದ ನಗರ ಷೆಫೀಲ್ಡ್. ಅಲ್ಲಿಯ ಚಾಕು ತಯಾರಕರ ಸಂಘವು 1624ರಲ್ಲಿ ಪಾರ್ಲಿಮೆಂಟಿನ ಶಾಸನದಿಂದ ಸ್ಥಾಪಿತವಾಯಿತು. ಪ್ರತಿಯೊಬ್ಬ ಕಸಬುದಾರನ ಮುದ್ರೆಯನ್ನು ದಾಖಲು ಮಾಡಿ, ಒಬ್ಬನ ಮುದ್ರೆಯನ್ನು ಮತ್ತೊಬ್ಬನು ಬಳಸದಂತೆ ಕಾಯುವುದು ಆ ಸಂಘದ ಮುಖ್ಯ ಕಾರ್ಯಗಳಲ್ಲೊಂದು.

ಮುದ್ರೆಗೆ ಬೆಲೆ ಬಂದಲ್ಲಿ ಖೋಟಾ ಮುದ್ರೆಯ ಭಯವೂ ಹುಟ್ಟುವುದು ಸಹಜ. ಮಾರ್ಕ್ ಟ್ವೇನನು 1876ರಲ್ಲಿ ಪ್ರಕಟಿಸಿದ ಟಾಮ್ ಸಾಯರನ ಕಥೆಯಲ್ಲಿ, ಬೈಬಲಿನ ವಾಕ್ಯಗಳನ್ನು ಕಷ್ಟಪಟ್ಟು ಬಾಯಿಪಾಠ ಮಾಡಿದ ಬಾಲಕನಿಗೆ ಅಕ್ಕನ ವರಸೆಯ ಮೇರಿಯು ಹನ್ನೆರಡೂವರೆ ಸೆಂಟು ಬೆಲೆಯ ಬಾರ್ಲೋ ಚಾಕುವೊಂದನ್ನು ಕೊಡುತ್ತಾಳೆ. ಅದು ಏನನ್ನೂ ಕತ್ತರಿಸಲಾರದು. ಆದರೂ ಅಸಲಿ ಬಾರ್ಲೋ ಎಂಬುದೇ ಬಾಲಕನ ಹಿಗ್ಗಿಗೆ ಸಾಕು. ಸಂಗ್ರಾಹಕನ ಮನೋಧರ್ಮವೆಲ್ಲ ಈ ಪುಟ್ಟ ಪ್ರಸಂಗದಲ್ಲಿಯೇ ಕಾಣುವುದು.

ಅಮೆರಿಕದಲ್ಲಿ ಈ ಹವ್ಯಾಸವು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಬಲವಾಗಿ ಬೆಳೆಯಿತು. ಪೆನ್ಸಿಲ್ವೇನಿಯಾ ಸಂಸ್ಥಾನದ ಬ್ರಾಡ್‌ಫರ್ಡ್ ಊರಿನ ಕೇಸ್ ಕಂಪನಿಯು 1970ರಲ್ಲಿ ಅಲಗಿನ ಬುಡದಲ್ಲಿ ತನ್ನ ಮುದ್ರೆಯ ಕೆಳಗೆ ಹತ್ತು ಚುಕ್ಕೆಗಳನ್ನು ಒತ್ತಿ, ಮುಂದೆ ವರ್ಷಕ್ಕೊಂದರಂತೆ ಚುಕ್ಕೆಯನ್ನು ಕಡಮೆ ಮಾಡುತ್ತ ಬಂದಿತು. ಚುಕ್ಕೆಗಳನ್ನೆಣಿಸಿ ಚಾಕುವಿನ ವಯಸ್ಸನ್ನು ಹೇಳುವುದೇ ಒಂದು ವಿದ್ಯೆಯಾಯಿತು. ಸಂಗ್ರಾಹಕರು ಸಂಘಗಳನ್ನು ಕಟ್ಟಿಕೊಂಡರು, ಬೆಲೆಗಳು ಏರಿದುವು, ಬೆಲೆಯ ಹಿಂದೆಯೇ ವಂಚನೆಯೂ ಬಂದಿತು. ಮುರಿದ ಅಲಗಿನ ಸ್ಥಾನದಲ್ಲಿ ಬೇರೆ ಚಾಕುವಿನ ಅಲಗನ್ನು ಕೂಡಿಸುವುದು, ಹೊಸ ಎಲುಬಿಗೆ ಹಳೆಯ ಬಣ್ಣ ಬರಿಸುವುದು, ಮುದ್ರೆಯನ್ನು ಹೊಸದಾಗಿ ಕೊರೆಯುವುದು, ಇವೆಲ್ಲ ಮಾರುಕಟ್ಟೆಯಲ್ಲಿ ನಡೆದುವು. ಹೊಸಬನಿಗೆ ಇವುಗಳಿಂದ ರಕ್ಷಣೆಯು ಗ್ರಂಥದಿಂದ ಸಿಕ್ಕುವುದು ಕಷ್ಟ. ಕೈ ಪಳಗಿದ ಹಿರಿಯನೊಬ್ಬನು ತನ್ನ ಚಾಕುಗಳನ್ನು ಅವನ ಕೈಗಿತ್ತು, ಸ್ಪ್ರಿಂಗಿನ ಸದ್ದನ್ನು ಕೇಳಿಸಿ, ಅಸಲಿಗೂ ನಕಲಿಗೂ ಇರುವ ಭೇದವನ್ನು ತಿಳಿಸಬೇಕು. ಹೀಗೆ ಸಂದೇಹದಿಂದಲೇ ಸಖ್ಯವು ಹುಟ್ಟಿತು.

ಈ ಸಖ್ಯದ ಫಲವೇ ಕಾಣಿಕೆಯ ಸಂಪ್ರದಾಯ. ತನ್ನಲ್ಲಿ ಎರಡಿರುವ ಚಾಕುಗಳಲ್ಲೊಂದನ್ನು ಹೊಸಬನಿಗೆ ಕೊಟ್ಟು, ಕಾಲ ಬಂದಾಗ ಇನ್ನೊಬ್ಬನಿಗೆ ಹೀಗೆಯೇ ಕೊಡೆಂದು ಹೇಳುವ ಹಿರಿಯರುಂಟು. ಚಾಕುವು ಕೈಯಿಂದ ಕೈಗೆ ಸಾಗುವ ಇಂತಹ ಕಥೆಯೊಂದು ಅಬ್ರಹಾಂ ಲಿಂಕನ್ನನ ಹೆಸರಿನಲ್ಲಿ ಪ್ರಚಾರದಲ್ಲಿದೆ. ಅಪರಿಚಿತನೊಬ್ಬನು ರೈಲುಬಂಡಿಯಲ್ಲಿ ಅವನಿಗೆ ಚಾಕುವೊಂದನ್ನು ನೀಡಿ, ತನಗಿಂತ ಕುರೂಪಿಯಾದವನು ಸಿಕ್ಕುವವರೆಗೆ ಇದನ್ನಿಟ್ಟುಕೊಳ್ಳಬೇಕೆಂಬ ಷರತ್ತಿನ ಮೇಲೆ ತನಗೆ ದೊರೆತುದೆಂದೂ, ಇನ್ನು ಮೇಲೆ ಅದು ಲಿಂಕನ್ನನಿಗೇ ಸಲ್ಲತಕ್ಕುದೆಂದೂ ಹೇಳಿದನಂತೆ. ಲಿಂಕನ್ನನೇ ಇದನ್ನು ಹೇಳಿ ನಗುತ್ತಿದ್ದನೆಂದು ಪ್ರತೀತಿ. 1865ರಲ್ಲಿ ಅವನು ಹತನಾದ ರಾತ್ರಿ ಕಿಸೆಯಲ್ಲಿದ್ದ ವಸ್ತುಗಳಲ್ಲಿ ದಂತದ ಹಿಡಿಯ ಚಾಕುವೊಂದೂ ಇದ್ದಿತು. ಅದು ಈಗ ವಾಷಿಂಗ್ಟನ್ನಿನ ಕಾಂಗ್ರೆಸ್ ಗ್ರಂಥಾಲಯದಲ್ಲಿದೆ.

ಕಾಣಿಕೆಗೆ ಇಂದು ಮತ್ತೊಂದು ಅರ್ಥವೂ ಕೂಡಿಬಂದಿದೆ. ಷೆಫೀಲ್ಡಿನಲ್ಲಿ ಸಣ್ಣ ಕೊಠಡಿಗಳಲ್ಲಿ ಕುಳಿತು ಸ್ವತಂತ್ರವಾಗಿ ದುಡಿಯುತ್ತಿದ್ದ ಚಾಕು ಕುಶಲಿಗಳ ಪೀಳಿಗೆಯು ಬಹುಮಟ್ಟಿಗೆ ಮುಗಿದಿದೆ. 1926ರಲ್ಲಿ ಜನಿಸಿ, ಹದಿನಾಲ್ಕನೆಯ ವಯಸ್ಸಿನಲ್ಲಿ ಕಸಬಿಗೆ ಸೇರಿದ ಸ್ಟ್ಯಾನ್ ಷಾ 2021ರಲ್ಲಿ ತೀರಿಕೊಂಡರು. ಅಂತಹವರ ಕೈಕೆಲಸವು ಮಾರಾಟದ ಪಟ್ಟಿಗೆ ಸೇರಿದಾಗ ಅದರ ಬೆಲೆ ಮಾತ್ರ ಉಳಿಯುವುದು. ಮಿತ್ರನ ಕೈಸೇರಿದಾಗ, ಮಾಡಿದವರು ಯಾರು, ಇಟ್ಟುಕೊಂಡವರು ಯಾರು, ಕೊಟ್ಟವರು ಯಾರು ಎಂಬ ವೃತ್ತಾಂತವೂ ಅದರೊಡನೆ ಸಾಗುವುದು. ಮುದ್ರೆಯನ್ನು ಖೋಟಾ ಮಾಡಬಹುದು. ಈ ಪರಂಪರೆಯನ್ನು ಮಾಡುವುದು ಸುಲಭವಲ್ಲ. ಆದುದರಿಂದ ಪಡೆದವನು ಹಿಂದಿರುಗಿಸುವ ಆ ಒಂದು ಕಾಸು ಚಾಕುವಿನ ಬೆಲೆಯಲ್ಲ. ಅದನ್ನು ಕಾಪಾಡಿ, ತಕ್ಕವನೊಬ್ಬನಿಗೆ ಒಪ್ಪಿಸುವೆನೆಂದು ಇತ್ತ ಮಾತು.