ದರಿಯಾ ದೌಲತ್ತಿನ ಪಡುವಣ ಗೋಡೆ

ಶ್ರೀರಂಗಪಟ್ಟಣಕ್ಕೆ ಹೋದವರು ರಂಗನಾಥನ ದರ್ಶನ ಮುಗಿಸಿ, ಹೊತ್ತು ಉಳಿದರೆ ದರಿಯಾ ದೌಲತ್ತಿಗೆ ಬರುವುದು ವಾಡಿಕೆ. ನಾನು ಮೊದಲು ಬಂದದ್ದು ಶಾಲೆಯ ಹುಡುಗರ ಸಾಲಿನಲ್ಲಿ; ಗೋಡೆಯ ಮೇಲಿನ ಕುದುರೆಗಳನ್ನು ಎಣಿಸಿ ಲೆಕ್ಕ ತಪ್ಪಿದ್ದಷ್ಟೇ ನೆನಪು. ಈಚೆಗೆ ಒಂದು ಮಧ್ಯಾಹ್ನ ಒಬ್ಬನೇ ಹೋಗಿ ಸಾವಕಾಶವಾಗಿ ನೋಡಿದೆ.

ಅರಮನೆಯೆಂದು ಕರೆಯುತ್ತೇವಾದರೂ ಇದು ನಿಜವಾಗಿ ಒಂದು ತೋಟದ ಮನೆ. ಟಿಪ್ಪು ಸುಲ್ತಾನನು 1784ರಲ್ಲಿ ಕೋಟೆಯ ಹೊರಗೆ ಕಟ್ಟಿಸಿದ್ದು. ಎತ್ತರವಾದ ಚೌಕ ಜಗಲಿ, ಅದರ ಅಂಚಿನಲ್ಲಿ ಸುತ್ತಲೂ ಮರದ ಕಂಬಗಳು, ಒಳಗೆ ತೆರೆದ ಮೊಗಸಾಲೆ, ನಡುವೆ ಹಜಾರ. ಮಾಳಿಗೆಗೆ ಹೋಗುವ ನಾಲ್ಕು ಮೆಟ್ಟಿಲುಸಾಲುಗಳನ್ನು ಕೋಣೆಗಳ ನಡುವಣ ಗೋಡೆಗಳಲ್ಲಿ ಎಷ್ಟು ಜಾಣತನದಿಂದ ಅಡಗಿಸಿದ್ದಾರೆಂದರೆ, ಹುಡುಕಿದವರಿಗೇ ಸಿಕ್ಕುವುದು. ನಮ್ಮ ತೊಟ್ಟಿ ಮನೆಗಳು ಒಳಗಿನ ಅಂಗಳಕ್ಕೆ ಮುಖ ಮಾಡಿದರೆ ಇದು ನಾಲ್ಕು ಕಡೆಯ ತೋಟಕ್ಕೂ ಮುಖ ಮಾಡಿ ಕುಳಿತಿದೆ. ಬಣ್ಣ ಬಳಿಯದ ಗೇಣು ಜಾಗವೂ ಕಾಣದು.

ಪಡುವಣ ಗೋಡೆಯ ಮೇಲಿರುವುದು ಪೊಲ್ಲಿಲೂರಿನ ಕಾಳಗ. 1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಬಳಿ ಹೈದರ್, ಟಿಪ್ಪು ಇಬ್ಬರ ಸೈನ್ಯ ಕಂಪನಿಯ ಕರ್ನಲ್ ಬೈಲಿಯ ದಂಡನ್ನು ನುಚ್ಚುನೂರು ಮಾಡಿತು. ಕೆಂಪಂಗಿಯ ಸಿಪಾಯಿಗಳು ಚೌಕ ಕಟ್ಟಿ ನಿಂತಿದ್ದಾರೆ. ನಡುವೆ ಮದ್ದಿನ ಬಂಡಿ ಸಿಡಿದಿದೆ. ಗಾಯಗೊಂಡ ಬೈಲಿ ಪಲ್ಲಕ್ಕಿಯಲ್ಲಿದ್ದಾನೆ. ಸೆರೆಸಿಕ್ಕ ಆತ 1782ರಲ್ಲಿ ಇದೇ ಊರಿನಲ್ಲಿ ತೀರಿಕೊಂಡ. ಅವನ ಸ್ಮಾರಕ ಗುಂಬಜಿನ ಹತ್ತಿರವೇ ಇದೆ.

ಈ ಚಿತ್ರಗಳ ಮೇಲೆ ಮುತ್ತಿಗೆಗೆ ಮುಂಚೆಯೇ ಸುಣ್ಣ ಬಳಿದಿದ್ದರಂತೆ. 1799ರ ಮೇ 4ರಂದು ಟಿಪ್ಪು ಮಡಿದ. ಬಳಿಕ ಈ ಮನೆಯಲ್ಲಿ ಬಿಡಾರ ಹೂಡಿದವನು ಕರ್ನಲ್ ಆರ್ಥರ್ ವೆಲ್ಲೆಸ್ಲಿ. ಮುಂದೆ ವಾಟರ್ಲೂವಿನಲ್ಲಿ ನೆಪೋಲಿಯನ್ನನನ್ನು ಗೆದ್ದವನು. ತನ್ನವರ ಸೋಲಿನ ಚಿತ್ರವನ್ನು ಸರಿಪಡಿಸಿದವನೂ ಇವನೇ! ಇದನ್ನು ಔದಾರ್ಯವೆನ್ನಲು ನನಗೆ ಮನಸ್ಸು ಬಾರದು. ಸೇಡು ತೀರಿದ ಮೇಲೆ ಹಳೆಯ ಸೋಲನ್ನು ಗೋಡೆಯ ಮೇಲಿಟ್ಟುಕೊಂಡು ನೋಡುವುದು ಕಷ್ಟವೇನಲ್ಲ.

ಚಿತ್ರದ ಗ್ರಹಚಾರ ಅಷ್ಟಕ್ಕೆ ಮುಗಿಯಲಿಲ್ಲ. ಮತ್ತೆ ಸುಣ್ಣ ಬಿತ್ತು. 1850ರ ದಶಕದಲ್ಲಿ ಮೈಸೂರು ಸೀಮೆಗೆ ಬಂದ ಲಾರ್ಡ್ ಡಾಲ್‌ಹೌಸಿ, ಮನೆಯನ್ನು ರಿಪೇರಿ ಮಾಡಿಸಿ ಚಿತ್ರಗಳನ್ನು ಪುನಃ ಬರೆಯಿಸಿದ. ಬರೆದವನು ಮೊದಲಿನ ಚಿತ್ರಗಳನ್ನು ನೆನಪಿಟ್ಟುಕೊಂಡಿದ್ದ ಒಬ್ಬ ದೇಶೀಯ ಕಲೆಗಾರ. ಟಿಪ್ಪುವಿನ ಕಾಲದ ಕೈಬರಹವೆಂದೇ ನಂಬಿದ್ದ ನನಗೆ ಇದನ್ನು ಓದಿದಾಗ ಮೋಸಹೋದಂತೆ ಆಗಿತ್ತು. ಗೋಡೆಯ ಮುಂದೆ ನಿಂತಾಗ ಆ ಬೇಸರ ಕಳೆಯಿತು. ಅಷ್ಟು ಕುದುರೆ, ಅಷ್ಟು ಮೀಸೆ, ಅಷ್ಟು ಕತ್ತಿಗಳನ್ನು ಒಬ್ಬ ಮನುಷ್ಯ ತಲೆಯಲ್ಲಿ ಹೊತ್ತು ತಿರುಗಿದ್ದನಲ್ಲ!

ದ್ವೀಪದ ಮೂಡಣ ತುದಿಯಲ್ಲಿ ಟಿಪ್ಪುವಿನ ಇನ್ನೊಂದು ಅರಮನೆಯಿತ್ತು, ಲಾಲ್‌ಬಾಗಿನದು. ಅದಕ್ಕೆ ಇಂಥ ಭಾಗ್ಯ ಒದಗಲಿಲ್ಲ. ಅದನ್ನು ಕೆಡವಿ, ತೊಲೆಗಳನ್ನು ನೀಲಗಿರಿಯ ಮೇಲಕ್ಕೆ ಸಾಗಿಸಿ, 1830ರ ಸುಮಾರಿನಲ್ಲಿ ಉದಕಮಂಡಲದ ಸೇಂಟ್ ಸ್ಟೀಫನ್ ಚರ್ಚಿಗೆ ಬಳಸಿದರು. ಊಟಿಗೆ ಹೋದವರು ಆ ಚರ್ಚಿನೊಳಗೆ ಒಮ್ಮೆ ತಲೆಯೆತ್ತಿ ನೋಡಬಹುದು.