ಅಂಗನವಾಡಿ ನೌಕರರು: ಗೌರವಧನ ಮತ್ತು ಕಾನೂನು

ಯಾದಗಿರಿ ಜಿಲ್ಲೆಯ ಕಡೇಚೂರಿನಂತಹ ಊರುಗಳಲ್ಲಿ ತಾಯಂದಿರು ಹೊಲಕ್ಕೋ ಕೈಗಾರಿಕಾ ಪ್ರದೇಶದ ಕೂಲಿಗೋ ಹೋದಾಗ ಮಕ್ಕಳಿಗೆ ಆಸರೆ ಅಂಗನವಾಡಿ. 1975ರ ಅಕ್ಟೋಬರ್ 2ರಂದು ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯಡಿ ಕಾರ್ಯಕರ್ತೆ, ಸಹಾಯಕಿಯರಿಗೆ ದೊರೆಯುತ್ತಾ ಬಂದಿರುವುದು ವೇತನವಲ್ಲ, ಗೌರವಧನ. ಕರ್ನಾಟಕ ಸರ್ಕಾರದ ಮೇಲ್ಮನವಿಯ ಮೇರೆಗೆ 2006ರಲ್ಲಿ ಸುಪ್ರೀಂ ಕೋರ್ಟ್, ಇವರದು ಸಿವಿಲ್ ಹುದ್ದೆಯಲ್ಲ ಎಂದು ತೀರ್ಪಿತ್ತಿತು. ಆದರೆ 2013ರ ಆಹಾರ ಭದ್ರತಾ ಕಾಯ್ದೆಯು ಅಂಗನವಾಡಿಗಳಿಗೆ ಶಾಸನಬದ್ಧ ಕರ್ತವ್ಯ ವಹಿಸಿತು. ಮಕ್ಕಳ ಊಟಕ್ಕೆಂದು ಬಂದ ಈ ಕಾಯ್ದೆಯೇ ಬಡಿಸುವವರ ನೆರವಿಗೂ ಒದಗಿತು: ಅದನ್ನು ಆಧರಿಸಿ 2022ರ ಏಪ್ರಿಲ್ 25ರಂದು ಅದೇ ನ್ಯಾಯಾಲಯ, ಇವರು ಗ್ರಾಚ್ಯುಟಿಗೆ ಅರ್ಹರು ಎಂದಿತು. ಅದರ ಜಾರಿಗಾಗಿ 2023ರ ಜನವರಿಯಲ್ಲಿ ಇವರು ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಧರಣಿ ಕುಳಿತರು. ಗೌರವಧನ ಮಾತ್ರ ಏರುವುದು ಶಾಸನದಿಂದಲ್ಲ, ಆಯವ್ಯಯದ ಕೃಪೆಯಿಂದ. 2025ರಲ್ಲಿ ಕಾರ್ಯಕರ್ತೆಯರಿಗೆ 1,000, ಸಹಾಯಕಿಯರಿಗೆ 750 ರೂಪಾಯಿ ಹೆಚ್ಚಳ ಘೋಷಣೆಯಾಯಿತು.